ಫೈರ್‌ಬಾಲ್‌ಗೆ ಎಷ್ಟು ಮನೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವಾಗ ಮಾಂತ್ರಿಕ ‘ಫೈರ್‌ಬಾಲ್’ ಎಂದ ಕೂಡಲೇ ಮೇಜಿನ ಸುತ್ತ ಕೂತವರೆಲ್ಲ ನಕ್ಷೆಯ ಮೇಲೆ ಬಗ್ಗುತ್ತಾರೆ. ಇಪ್ಪತ್ತು ಅಡಿ ತ್ರಿಜ್ಯದ ಬೆಂಕಿ, ಆರು ಮುಖದ ಎಂಟು ದಾಳಗಳ ಪೆಟ್ಟು. ದಾಳ ಉರುಳುವ ಮೊದಲೇ ವಾದ ಶುರುವಾಗುತ್ತದೆ. ಕಂಬದ ಪಕ್ಕದ ಗಾಬ್ಲಿನ್ ಒಳಗೋ ಹೊರಗೋ? ಮುಂದೆ ನುಗ್ಗಿರುವ ನಮ್ಮದೇ ಯೋಧನ ಗತಿಯೇನು? ಬೆಂಕಿ ಗುಂಡಗೆ, ನಕ್ಷೆಯ ಮನೆಗಳು ಚೌಕ. ತಕರಾರಿಗೆ ಮೂಲ ಇದೇ.

ಈ ಆಟದ ಪೂರ್ವಜ, 1971ರ ‘ಚೈನ್‌ಮೇಲ್’ ಎಂಬ ಯುದ್ಧದಾಟದಲ್ಲಿ ಈ ತಕರಾರಿಗೆ ಎಡೆಯಿರಲಿಲ್ಲ. ಅಲ್ಲಿ ಎಲ್ಲವೂ ಅಳತೆಪಟ್ಟಿಯ ಇಂಚಿನ ಲೆಕ್ಕ. ದೊಡ್ಡ ಕವಣೆಯಂತ್ರದ ಹೊಡೆತಕ್ಕೆ ಎಷ್ಟು ಜಾಗವೋ ಮಾಂತ್ರಿಕನ ಬೆಂಕಿಯುಂಡೆಗೂ ಅಷ್ಟೇ. ಮನೆಗಳ ನಕ್ಷೆಯನ್ನೇ ನೆಚ್ಚಿದ ನಿಯಮಗಳು ಬಂದ ಮೇಲೆ ಗೊಂದಲ ಬೆಳೆಯಿತು.

ಒಂದು ಮನೆಗೆ ಐದು ಅಡಿ. 2003ರ ಮೂರೂವರೆ ಆವೃತ್ತಿಯಲ್ಲಿ ಕರ್ಣದ ಮೊದಲ ಹೆಜ್ಜೆಗೆ ಐದು ಅಡಿ, ಎರಡನೆಯದಕ್ಕೆ ಹತ್ತು. ಹಾಗೆ ಎಣಿಸಿದರೆ ಫೈರ್‌ಬಾಲ್‌ಗೆ 44 ಮನೆ. 2008ರ ನಾಲ್ಕನೇ ಆವೃತ್ತಿ ಕರ್ಣಕ್ಕೂ ಒಂದೇ ಹೆಜ್ಜೆ ಎಂದಿತು. ಬೆಂಕಿಯೇ ಏಳಕ್ಕೆ ಏಳರ ಚೌಕವಾಗಿ 49 ಮನೆ ಹಿಡಿಯಿತು. 2014ರ ಐದನೇ ಆವೃತ್ತಿಯ ಮಾರ್ಗದರ್ಶಿ ಹೇಳಿದ್ದು ಬೇರೆ: ಗೆರೆಗಳು ಕೂಡುವ ಒಂದು ಮೂಲೆಯನ್ನು ಕೇಂದ್ರವಾಗಿ ಹಿಡಿಯಿರಿ, ವೃತ್ತ ಅರ್ಧವಾದರೂ ಆವರಿಸಿದ ಮನೆಯೆಲ್ಲ ಒಳಗೆ. ಆಗ 52.

ವೃತ್ತದ ನಿಜವಾದ ವಿಸ್ತೀರ್ಣ ಐವತ್ತು ಮನೆಗಿಂತ ತುಸು ಹೆಚ್ಚು. ಹಾಗಾದರೆ 49 ಎಂಬುದೇ ಅತಿ ಹತ್ತಿರದ ಉತ್ತರವಲ್ಲವೇ? ಲೆಕ್ಕದಲ್ಲಿ ಹೌದು, ಆಕಾರದಲ್ಲಿ ಅಲ್ಲ. ಆ ಚೌಕದಲ್ಲಿ ಬೆಂಕಿ ನೇರಕ್ಕೆ ಹದಿನೇಳೂವರೆ ಅಡಿಗೇ ನಿಲ್ಲುತ್ತದೆ, ಮೂಲೆಯತ್ತ ಹೆಚ್ಚುಕಡಿಮೆ ಇಪ್ಪತ್ತೈದು ಅಡಿ ಚಾಚುತ್ತದೆ. ಬದುಕಬೇಕಾದವನು ಸುಡುತ್ತಾನೆ, ಸುಡಬೇಕಾದವನು ಬದುಕುತ್ತಾನೆ. ಅದಕ್ಕೇ ನನ್ನ ಮತ 2014ರ ನಿಯಮಕ್ಕೆ.

ಅದನ್ನು ಮೇಜಿನ ಮೇಲೆ ತರುವುದೂ ಸುಲಭ. ಇಂಚಿಗೊಂದು ಮನೆಯ ನಕ್ಷೆಯಾದರೆ ಎಂಟು ಇಂಚು ವ್ಯಾಸಕ್ಕೆ ಬಗ್ಗಿಸಿದ ತಂತಿಯ ಬಳೆ ಸಾಕು. ಅದರ ನಡು ಮೂಲೆಯ ಮೇಲೆ ಬರುವಂತೆ ಇಟ್ಟು ಕಾಲುಭಾಗವನ್ನಷ್ಟೇ ನೋಡಿ. ನಡುವಿನಿಂದ ಹೊರಕ್ಕೆ ಸಾಲುಗಳಲ್ಲಿ ನಾಲ್ಕು, ನಾಲ್ಕು, ಮೂರು, ಎರಡು: ಹದಿಮೂರು. ಉಳಿದ ಮೂರು ಕಾಲುಭಾಗಗಳೂ ಹಾಗೇ. ಈ ನಾಲ್ಕು ಅಂಕಿಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡರೆ ಬಳೆಯೂ ಬೇಡ.

ಆದರೆ ಮನೆಗಳ ಲೆಕ್ಕಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ: ಆಟಗಾರ ಕೇಂದ್ರವನ್ನು ಮೊದಲು ಹೇಳಬೇಕು, ಬಳೆ ಆಮೇಲೆ ಇಳಿಯಬೇಕು. ಶತ್ರುಗಳೆಲ್ಲ ಒಳಗೆ, ಗೆಳೆಯ ಮಾತ್ರ ಹೊರಗೆ ಎನ್ನುವವರೆಗೂ ಬಳೆಯನ್ನು ಅತ್ತಿತ್ತ ಸರಿಸುತ್ತಾ ಕೂರುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಆಟದ ಒಂದು ಸುತ್ತೆಂದರೆ ಆರು ಸೆಕೆಂಡು. ಕತ್ತಿಗಳ ನಡುವೆ ನಿಂತ ಮಾಂತ್ರಿಕ ಕಣ್ಣಳತೆಯಲ್ಲೇ ತೀರ್ಮಾನಿಸಬೇಕು. ‘ಇವೊಕೇಶನ್’ ಪಂಥದ ಮಾಂತ್ರಿಕನಿಗಂತೂ ತನ್ನ ಬೆಂಕಿಯಿಂದ ಜೊತೆಗಾರರನ್ನು ಕಾಪಾಡುವ ವಿಶೇಷ ಶಕ್ತಿಯನ್ನೇ ನಿಯಮಗಳು ಕೊಟ್ಟಿವೆ. ಬಳೆ ಸರಿಸಿಯೇ ಎಲ್ಲರೂ ಅದನ್ನು ಪುಕ್ಕಟೆ ಪಡೆದರೆ ಆ ಪಂಥವನ್ನು ಆರಿಸಿಕೊಂಡವರಿಗೆ ಅನ್ಯಾಯ.

ನಕ್ಷೆಯಿಲ್ಲದೆ ಬರೀ ಮಾತಿನಲ್ಲಿ ಆಡುವವರಿಗೂ ಅದೇ ಮಾರ್ಗದರ್ಶಿಯಲ್ಲಿ ದಾರಿಯಿದೆ: ತ್ರಿಜ್ಯವನ್ನು ಐದರಿಂದ ಭಾಗಿಸಿ. ಇಪ್ಪತ್ತು ಅಡಿಗೆ ಸುಮಾರು ನಾಲ್ವರು ಸಿಕ್ಕಿಬೀಳುತ್ತಾರೆ.

ಯಾವ ವಿಧಾನವನ್ನಾದರೂ ಹಿಡಿಯಿರಿ, ಅದನ್ನು ಆಟ ನಡೆಸುವ ಡಂಜನ್ ಮಾಸ್ಟರ್ ಮೊದಲ ದಿನವೇ ಹೇಳಿಬಿಡಲಿ, ತನ್ನ ರಾಕ್ಷಸರ ಮಂತ್ರಗಳಿಗೂ ಅದನ್ನೇ ಅನ್ವಯಿಸಲಿ. ಗೆರೆ ಎಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ ಯೋಧ ಎಷ್ಟು ಮುಂದೆ ನುಗ್ಗಬೇಕೆಂದು ತಾನೇ ನಿರ್ಧರಿಸುತ್ತಾನೆ, ಮಾಂತ್ರಿಕ ಅವನನ್ನು ನೋಡಿಕೊಂಡೇ ಗುರಿಯಿಡುತ್ತಾನೆ. ವಾದಕ್ಕೆ ಹೋಗುತ್ತಿದ್ದ ಹೊತ್ತು ತಂತ್ರಕ್ಕೆ ಸಿಗುತ್ತದೆ.