ಹೆಸರಿಲ್ಲದ ಲೋಟ

ನಮ್ಮ ಮಾರೇನಹಳ್ಳಿಯಲ್ಲಿ ಭಾನುವಾರ ಮಧ್ಯಾಹ್ನ ಐದು ಜನ ಹೆಂಗಸರು ಸೇರಿದರೆ ಏನು ಮಾಡುತ್ತೇವೆಂದು ಕೇಳಬೇಕಾಗಿಲ್ಲ. ಒಂದಿಷ್ಟು ಮಾತು, ಅದಕ್ಕೆ ಜೊತೆಯಾಗಿ ಕಾಫಿ. ಆದರೆ ಈಚೆಗೆ ಒಂದು ಭಾನುವಾರ ನಾವು ಕಾಫಿಗೇ ಪರೀಕ್ಷೆ ಇಟ್ಟೆವು.

ಇದಕ್ಕೆ ಕಾರಣ ಎದುರು ಮನೆಯವರ ಮಗಳು. ಅವಳು ಓದುತ್ತಿರುವುದು ಫ್ರಾನ್ಸಿನ ಲಿಯೋನ್ ನಗರದಲ್ಲಿ. ಅದರ ಉತ್ತರಕ್ಕೆ ಬೋಜೊಲೆ ಎಂಬ ಸೀಮೆಯಿದೆ. ಅಲ್ಲಿ ಗಾಮೆ ಎನ್ನುವ ದ್ರಾಕ್ಷಿಯಿಂದ ತೆಳುವಾದ ಕೆಂಪು ವೈನ್ ಮಾಡುತ್ತಾರೆ. ಗೆಳೆಯರು ಸೇರಿದಾಗ ನಾಲ್ಕಾರು ಬಾಟಲಿಗಳನ್ನು ಕಾಗದದ ಚೀಲದಲ್ಲಿ ಮುಚ್ಚಿಟ್ಟು, ಬರೀ ನಂಬರು ಬರೆದು, ಯಾವುದು ಯಾವುದೆಂದು ತಿಳಿಯದೆ ಒಂದೊಂದು ಗುಟುಕು ಕುಡಿದು ಮಾರ್ಕು ಹಾಕುತ್ತಾರಂತೆ. ರಜೆಗೆ ಬಂದಾಗ ಅವಳು ಇದನ್ನು ಹೇಳಿದರೆ ಅವಳ ತಾಯಿ ಕಿವಿ ಮುಚ್ಚಿಕೊಂಡರು. ನನಗೆ ಮಾತ್ರ ಇದು ಹೊಸದೆನ್ನಿಸಲಿಲ್ಲ. ಪಬ್ಲಿಕ್ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವಾಗ ಅದು ಯಾರ ಮಗುವಿನದೆಂದು ನಮಗೂ ತಿಳಿದಿರುವುದಿಲ್ಲವಲ್ಲ!

ಹೆಸರು ಮುಚ್ಚಿದರೆ ಏನೇನಾಗುತ್ತದೆ ಎಂಬುದಕ್ಕೆ ವೈನಿನ ಲೋಕದಲ್ಲೇ ಪ್ರಸಿದ್ಧವಾದ ಕಥೆಗಳಿವೆ. 1976ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಒಂಬತ್ತು ಮಂದಿ ಫ್ರೆಂಚ್ ತೀರ್ಪುಗಾರರ ಮುಂದೆ ಫ್ರಾನ್ಸಿನ ಮತ್ತು ಕ್ಯಾಲಿಫೋರ್ನಿಯಾದ ವೈನುಗಳನ್ನು ಹೆಸರಿಲ್ಲದೆ ಇರಿಸಿದ. ಕೆಂಪಿನಲ್ಲೂ ಬಿಳಿಯಲ್ಲೂ ಗೆದ್ದದ್ದು ಕ್ಯಾಲಿಫೋರ್ನಿಯಾ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇನ್ನೂ ಸ್ವಾರಸ್ಯದ್ದು. ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ರೋಶೆ ಮತ್ತು ಸಂಗಡಿಗರು ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ಮಂದಿ ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಹೇಳುವ ಮಾತುಗಳಲ್ಲೇ ಬಣ್ಣಿಸಿದರು. ಮೂಗಿಗಿಂತ ಮುಂಚೆ ಕಣ್ಣು ತೀರ್ಪು ಕೊಟ್ಟುಬಿಟ್ಟಿತ್ತು.

ವೈನು ನಮಗೊಗ್ಗದ ವಸ್ತು. ಆದರೆ ಬಾಬಾಬುಡನ್ ಏಳು ಬೀಜ ತಂದನೆಂಬ ಐತಿಹ್ಯವಿರುವ ನಾಡಿನ ಹೆಂಗಸರು ನಾವು, ಕಾಫಿಯ ಮೇಲೆ ತೀರ್ಪು ಕೊಡಲು ಯಾರ ಅಪ್ಪಣೆ ಬೇಕು? ಇದೇ ಬೆಂಗಳೂರಿನಲ್ಲಿ ಸುನಾಲಿನಿ ಮೆನನ್ ಎಂಬ ಹೆಣ್ಣುಮಗಳು ಕಾಫಿ ಬೋರ್ಡಿನಲ್ಲಿ ವರ್ಷಗಟ್ಟಲೆ ರುಚಿ ನೋಡುವುದನ್ನೇ ವೃತ್ತಿ ಮಾಡಿಕೊಂಡು, ಆಮೇಲೆ ತಮ್ಮದೇ ಕಾಫಿಲ್ಯಾಬ್ ಕಟ್ಟಿದರು. ಆ ವೃತ್ತಿಯವರು ಚಮಚದಿಂದ ಸುರ್ರೆಂದು ಎಳೆದು, ಬಾಯಲ್ಲಾಡಿಸಿ, ಉಗಿದುಬಿಡುತ್ತಾರೆ. ನಾವು ಉಗಿಯುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದೆವು.

ಐದೂ ಜನ ತಂತಮ್ಮ ಮನೆಯ ಕಾಫಿಪುಡಿ ತಂದೆವು. ನಾನೂ ಎದುರು ಮನೆಯವರೂ ಒಂದೇ ಅಂಗಡಿಯ ಗಿರಾಕಿಗಳು: ಚಿಕೋರಿ ಇಲ್ಲದ ಶುದ್ಧ ಅರೇಬಿಕಾ, ಅದರಲ್ಲೂ ಪೀಬೆರಿ. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದು ಉರುಟಾದರೆ ಅದೇ ಪೀಬೆರಿ. ಕೊಪ್ಪದ ಕಡೆಯ ಗೆಳತಿಯದು ಅರೇಬಿಕಾ, ರೊಬಸ್ಟಾ ಸಮಸಮ. ಬ್ಯಾಂಕಿನಿಂದ ನಿವೃತ್ತರಾದವರದು ನೂರಕ್ಕೆ ಇಪ್ಪತ್ತು ಚಿಕೋರಿ. ಐದನೆಯವರು ನನ್ನ ಹಳೆಯ ಸಹೋದ್ಯೋಗಿ. ಅವರದು ನೂರಕ್ಕೆ ನಲವತ್ತು.

ಐದು ಫಿಲ್ಟರು, ಒಂದೇ ಅಳತೆಯ ಪುಡಿ, ಒಂದೇ ಅಳತೆಯ ಕುದಿನೀರು, ಅರ್ಧ ಗಂಟೆ. ನನ್ನ ಮಗಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಬಗ್ಗಿಸಿದಳು. ಯಾವ ನಂಬರು ಯಾರದೆಂಬ ಚೀಟಿ ಅವಳ ಕೈಯಲ್ಲೇ ಇತ್ತು. ಮೊದಲ ಸುತ್ತಿನಲ್ಲಿ ಡಿಕಾಕ್ಷನ್‌ಗೆ ಬಿಸಿನೀರು ಬೆರೆಸಿ, ಸಕ್ಕರೆಯಿಲ್ಲದೆ. ಎರಡನೇ ಸುತ್ತಿನಲ್ಲಿ ಒಂದೇ ಪಾತ್ರೆಯ ಹಾಲು, ಒಂದೇ ಅಳತೆಯ ಸಕ್ಕರೆ, ಒಂದೇ ಥರದ ಸ್ಟೀಲ್ ಲೋಟ.

ಮೊದಲ ಸುತ್ತಿನಲ್ಲಿ ನನ್ನ ಮಾನ ಉಳಿಯಿತು. ಹೂವಿನಂಥ ಘಮ, ನಾಲಗೆಯ ಅಂಚಿಗೆ ಚೂರು ಹುಳಿ ಇದ್ದ ಲೋಟವೇ ಮೇಲೆಂದು ಬರೆದೆ. ಹಾಲು ಬಂದ ಮೇಲೆ ಎಲ್ಲಾ ತಲೆಕೆಳಗಾಯಿತು. ಮೂರನೇ ನಂಬರಿಗೆ ಹತ್ತಕ್ಕೆ ಒಂಬತ್ತು ಕೊಟ್ಟು, ಪಕ್ಕದಲ್ಲಿ ‘ಇದು ಕಾಫಿ’ ಎಂದು ಟಿಪ್ಪಣಿ ಬೇರೆ ಬರೆದೆ.

ಮಗಳು ಚೀಟಿ ಓದಿದಳು. ಮೂರನೆಯದು ನಲವತ್ತು ಪಾಲು ಚಿಕೋರಿಯದು. ಎರಡು ಮತ್ತು ನಾಲ್ಕನೇ ನಂಬರು ನಮ್ಮ ಪೀಬೆರಿ. ಒಂದೇ ಪುಡಿಗೆ ನಾನು ಒಂದು ಕಡೆ ಏಳು, ಇನ್ನೊಂದು ಕಡೆ ನಾಲ್ಕು ಹಾಕಿದ್ದೆ!

ಯೋಚಿಸಿದರೆ ಇದರಲ್ಲಿ ಪವಾಡವೇನಿಲ್ಲ. ಅರೇಬಿಕಾದ ನಯ ಹಾಲಿನಲ್ಲಿ ಮುಳುಗಿಹೋಗುತ್ತದೆ. ಚಿಕೋರಿ ಒಂದು ಬೇರು. ಹುರಿದಾಗ ಸುಟ್ಟ ಬೆಲ್ಲದಂಥ ಕಹಿ, ಕಪ್ಪು ಬಣ್ಣ, ಮಂದ ಎಲ್ಲವೂ ಅದಕ್ಕೆ ಬರುತ್ತದೆ. ಅದು ಹಾಲಿಗೆ ಜಗ್ಗುವುದಿಲ್ಲ. ಬಡವರ ಕಲಬೆರಕೆ ಎಂದು ಮೂಗು ಮುರಿಯುವವರು ತಿಳಿಯಬೇಕು: 1806ರಲ್ಲಿ ನೆಪೋಲಿಯನ್ ಇಂಗ್ಲೆಂಡಿನ ವ್ಯಾಪಾರಕ್ಕೆ ತಡೆಯೊಡ್ಡಿ ಕಾಫಿ ಸಿಗದಂತಾದಾಗ ಫ್ರಾನ್ಸಿನವರೇ ಚಿಕೋರಿಗೆ ಒಗ್ಗಿಕೊಂಡರು. ನಮ್ಮ ಕಾನೂನೂ ಅದನ್ನು ಒಪ್ಪುತ್ತದೆ. ನೂರಕ್ಕೆ 51 ಪಾಲಾದರೂ ಕಾಫಿ ಇರಬೇಕು, ಎಷ್ಟೆಷ್ಟು ಇದೆಯೆಂದು ಪೊಟ್ಟಣದ ಮೇಲೆ ಅಚ್ಚು ಹಾಕಬೇಕು, ಅಷ್ಟೆ. ನಾಲ್ಕನೇ ಲೋಟಕ್ಕೆ ನಾಲ್ಕೇ ಮಾರ್ಕು ಬಿದ್ದದ್ದು ಮಂದವಾದ ಮೂರನೆಯದರ ಬೆನ್ನಿಗೇ ಬಂದುದರಿಂದ. ಉತ್ತಮ ಉತ್ತರ ಪತ್ರಿಕೆಯ ಕೆಳಗಿದ್ದ ಸಾಧಾರಣ ಪತ್ರಿಕೆಗೆ ನಾನು ಇನ್ನೆಷ್ಟು ಸಲ ಹೀಗೆ ಮಾಡಿದ್ದೇನೋ!

ಎಲ್ಲರೂ ನಗುತ್ತಿರುವಾಗ ನನ್ನ ಸಹೋದ್ಯೋಗಿ ಮೆಲ್ಲಗೆ ಹೇಳಿದರು: “ಈ ಸಲ ಲೋಟ ಖಾಲಿ ಮಾಡಿದ್ರಿ, ಮೇಡಂ.”

ನಾವಿಬ್ಬರೂ 1994ರಲ್ಲಿ ಒಂದೇ ದಿನ ಕೆಲಸಕ್ಕೆ ಸೇರಿದವರು. ಮಿಕ್ಕ ಗೆಳತಿಯರು ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ಅವರಿಗೆ ಇಂದಿಗೂ ನಾನು ಮೇಡಂ. ಅವರ ಮನೆಗೆ ಗೃಹಪ್ರವೇಶಕ್ಕೆ, ಮಗುವಿನ ನಾಮಕರಣಕ್ಕೆ ಹೋಗಿದ್ದೇನೆ. ಹೋದಾಗಲೆಲ್ಲ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದಿದ್ದೇನೆ. ಮನೆಗೆ ಬಂದರೆ ಅಮ್ಮ ಕೇಳುತ್ತಿದ್ದರು, “ಅವರ ಮನೇಲಿ ಏನಾದ್ರೂ ತಗೊಂಡ್ಯಾ?” “ಕಾಫಿ ಕೊಟ್ರಮ್ಮ, ಬರೀ ಚಿಕೋರಿ, ಕುಡಿಯೋಕಾಗ್ಲಿಲ್ಲ” ಎನ್ನುತ್ತಿದ್ದೆ. ಅಮ್ಮನ ಮುಖದಲ್ಲಿ ನೆಮ್ಮದಿ ಮೂಡುತ್ತಿತ್ತು. ಅಮ್ಮ ಹಳೆಯ ಕಾಲದವರು, ಜಾತಿಯನ್ನು ಜಾತಿ ಎಂದೇ ಕರೆಯುತ್ತಿದ್ದರು. ತರಗತಿಯಲ್ಲಿ ಸಮಾನತೆಯ ಪಾಠ ಮಾಡುವ ನಾನು ಅದನ್ನು ಚಿಕೋರಿ ಎಂದು ಕರೆದೆ. ಬ್ಯಾಂಕಿನ ಗೆಳತಿಯ ಮನೆಯ ಚಿಕೋರಿ ಒಂದು ದಿನವೂ ನನ್ನ ಗಂಟಲಿಗೆ ಸಿಕ್ಕಿಕೊಂಡಿರಲಿಲ್ಲವಲ್ಲ! ಅವರು ಇದನ್ನೆಲ್ಲ ಅಷ್ಟು ವರ್ಷ ನೋಡಿಕೊಂಡೇ ಬಂದಿದ್ದರು.

ಹಾಗೆಂದು ಹೆಸರು ಮುಚ್ಚಿಡುವುದೇ ದೊಡ್ಡ ನ್ಯಾಯ ಎಂದು ನಾನು ಹೇಳಲಾರೆ. ಮುಚ್ಚಿದ ಲೋಟ ನನ್ನ ನಾಲಗೆಯ ಸುಳ್ಳನ್ನು ಹಿಡಿದುಕೊಟ್ಟಿತು, ನಿಜ. ಆದರೆ ನಾನು ಕೊಟ್ಟ ಒಂಬತ್ತು ಮಾರ್ಕು ಪುಡಿಗೆ ಸಂದದ್ದು, ಅದನ್ನು ತಂದ ಕೈಗಲ್ಲ. ಯಾರದೆಂದು ತಿಳಿಯದೆ ಕುಡಿಯುವುದು ಸುಲಭ. ತಿಳಿದೂ ಕುಡಿಯಬೇಕಾಗಿತ್ತು.

ಮುಂದಿನ ಭಾನುವಾರ ಫೋನ್ ಮಾಡಿ, “ಬರ್ತೀನಿ, ಕಾಫಿ ಕೊಡಿ” ಎಂದೆ.

“ಚಿಕೋರಿ ಕಮ್ಮಿ ಇರೋ ಪುಡಿ ತರಿಸಲಾ ಮೇಡಂ?” ಎಂದರು.

“ಬೇಡ, ನೀವು ದಿನಾ ಮಾಡೋ ಹಾಗೇ ಇರಲಿ.”

ಹೋದೆ. ಪೂರ್ತಿ ಕುಡಿದೆ. ಸಕ್ಕರೆ ಸ್ವಲ್ಪ ಜಾಸ್ತಿಯಾಗಿತ್ತು. ಹಿಂದಾಗಿದ್ದರೆ ಹೇಳದೆ ಲೋಟ ಕೆಳಗಿಟ್ಟು ಏಳುತ್ತಿದ್ದೆ. ಈ ಸಲ ಹೇಳಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ ನಕ್ಕರು. ಎರಡನೇ ಲೋಟಕ್ಕೆ ಕಮ್ಮಿ ಹಾಕಿ ತಂದರು.