ಕರೆಂಟ್ ಬಂದ ಮೇಲಿನ ಒಂದು ಸೆಕೆಂಡು

ಸೋಮವಾರ, ಗುರುವಾರ ಬ್ಯಾಡಗಿಯ ಮೆಣಸಿನಕಾಯಿ ಪೇಟೆ. ಅವತ್ತು ದಲಾಲಿ ಅಂಗಡಿಯ ಕಂಪ್ಯೂಟರ್ ಹತ್ತು ನಿಮಿಷ ಸುಮ್ಮನಾದರೆ, ಪಟ್ಟಿಗೆ ಕಾದ ರೈತರಿಗೆ ಸೀನಿನ ಜೊತೆ ಸಿಟ್ಟೂ ಏರುತ್ತದೆ. ಲಿನಕ್ಸ್‌ನ ಸಿಸ್ಟಮ್‌ಡಿ ಎಂಥದ್ದೆಂದು ನಾನು ತೂಗಿ ನೋಡಿದ್ದು ಇಂಥ ಅಂಗಡಿಯ ಕಟ್ಟೆಯ ಮೇಲೆ.

ಯಂತ್ರ ಶುರುವಾದಾಗ ಕರ್ನಲ್ ಮೊದಲು ಎಬ್ಬಿಸುವುದು ಇದನ್ನು. ಡೇಟಾಬೇಸ್, ಪ್ರಿಂಟರ್, ನೆಟ್‌ವರ್ಕನ್ನೆಲ್ಲ ಎಬ್ಬಿಸುವುದು ಇದರ ಕೆಲಸ. ಹಳೆಯ ಸಿಸ್ಟಮ್-ವಿ ಇನಿಟ್ ಸಂಖ್ಯೆ ನೋಡಿಕೊಂಡು ಒಂದರ ಹಿಂದೊಂದು ಸ್ಕ್ರಿಪ್ಟ್ ಓಡಿಸುತ್ತಿತ್ತು. 2010ರಲ್ಲಿ ಲೆನಾರ್ಟ್ ಪೊಟ್ಟರಿಂಗ್, ಕೇ ಸೀವರ್ಸ್ ಸೇರಿ, ಸಂಬಂಧವಿಲ್ಲದವು ಒಟ್ಟಿಗೇ ಏಳಲಿ ಎಂದರು. ಪೇಟೆಯಲ್ಲೂ ಅಷ್ಟೇ: ದರ ಗೊತ್ತಾಗದೆ ತೂಕವಿಲ್ಲ, ಆದರೆ ಚೀಲ ಇಳಿಸಲು ಪಕ್ಕದ ಅಂಗಡಿಯವರು ಮುಗಿಸಲಿ ಎಂದು ಯಾರೂ ಕಾಯುವುದಿಲ್ಲ.

2014ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಇದನ್ನು ಒಪ್ಪಿದಾಗ ದೊಡ್ಡ ಜಗಳವೇ ಆಯಿತು. ಒಪ್ಪದವರು ಡೆವುವಾನ್ ಎಂದು ಬೇರೆ ಮನೆ ಹೂಡಿದರು. ಒಂದು ಪ್ರೋಗ್ರಾಂಗೆ ಒಂದೇ ಕೆಲಸವಿರಬೇಕು ಎಂಬುದು ಅವರ ವಾದ. ವರ್ಷಗಟ್ಟಲೆ ಆರದ ಸರ್ವರ್ ಇಟ್ಟವರಿಗೆ ಅದು ಸರಿಯೇನೋ. ನಮ್ಮಲ್ಲಿ ಕರೆಂಟ್ ಹೋದಾಗಲೆಲ್ಲ ಯಂತ್ರ ಹೊಸದಾಗಿ ಹುಟ್ಟುತ್ತದೆ. ತಾನಾಗಿ ಎದ್ದು ನಿಂತರೆ ಸಾಕು, ಸಿದ್ಧಾಂತ ಆಮೇಲೆ.

ಒಂದು ಗುರುವಾರ ರಾಣೆಬೆನ್ನೂರಿನಿಂದ ಹೊರಟು ಮೋಟೆಬೆನ್ನೂರು ಮುಟ್ಟುವಷ್ಟರಲ್ಲಿ ಫೋನು: "ಸರ, ಕಂಪ್ಯೂಟರ್ ಎದ್ದೈತಿ, ಬಿಲ್ ಬರವಲ್ದು." ಹೋಗಿ ನೋಡಿದರೆ ಪರದೆಯ ಮೇಲೆ ಕೆಂಪಕ್ಷರ: ಸ್ಟಾರ್ಟ್-ಲಿಮಿಟ್-ಹಿಟ್. ನೆಟ್‌ವರ್ಕ್ ಬೇಡುವ ಬಿಲ್ಲಿನ ಪ್ರೋಗ್ರಾಂ ಬಿದ್ದರೆ ಮತ್ತೆ ಎಬ್ಬಿಸು ಎಂದು ಬರೆದಿಟ್ಟವನು ನಾನೇ. ಆದರೆ ಬೇರೆ ಹೇಳದಿದ್ದರೆ ಸಿಸ್ಟಮ್‌ಡಿ ಮರುಯತ್ನಕ್ಕೆ ಮುಂಚೆ ಕಾಯುವುದು 100 ಮಿಲಿಸೆಕೆಂಡ್. 10 ಸೆಕೆಂಡಿನಲ್ಲಿ 5 ಸಲ ಎಬ್ಬಿಸಿ ಕೈಬಿಡುತ್ತದೆ. ರೌಟರ್ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಐದೂ ಸರದಿ ಮುಗಿದಿದ್ದವು. ರೀಸ್ಟಾರ್ಟ್‌ಸೆಕ್ 10, ಅಂದರೆ ಹತ್ತು ಸೆಕೆಂಡ್ ಕಾದು ಎಬ್ಬಿಸು, ಎಂಬ ಒಂದು ಸಾಲು ಸೇರಿಸಿದೆ, ಆ ಕಾಟ ಹೋಯಿತು. ಕೆಟ್ಟ ಸೇವೆಯೊಂದು ಬೀಳುತ್ತ ಏಳುತ್ತ ಯಂತ್ರವನ್ನೇ ತಿನ್ನಬಾರದೆಂಬ ಕಾಳಜಿ ಆ ಮಿತಿಯ ಹಿಂದಿದೆ, ಒಪ್ಪುತ್ತೇನೆ. ಇನ್ನು ಸೇವೆಯ ಕಡತದಲ್ಲಿ 'ಆಫ್ಟರ್' ಎಂದು ಬರೆದರೆ ಅದು ಬರೀ ಸರದಿ. ಅವಲಂಬನೆಗೆ 'ರಿಕ್ವೈರ್ಸ್' ಎಂದು ಬೇರೆ ಬರೆಯಬೇಕು. ಇದನ್ನು ಮೊದಲ ಓದಿಗೇ ತಿಳಿದವರನ್ನು ನಾನು ಕಂಡಿಲ್ಲ.

ಹಾಗೆಂದು ಹಳೆಯದಕ್ಕೆ ಮರಳಲಾರೆ. ಆಗ ಪ್ರೋಗ್ರಾಂ ಸತ್ತರೂ ಅದರ ಸಂಖ್ಯೆ ಬರೆದಿಟ್ಟ ಪಿಡ್ ಕಡತ ಉಳಿದು, ಓಡುತ್ತಲೇ ಇದೆ ಎಂದು ಸ್ಕ್ರಿಪ್ಟ್ ಸುಳ್ಳು ಹೇಳುತ್ತಿತ್ತು. ಸಿಸ್ಟಮ್‌ಡಿ ಸೇವೆಯನ್ನೂ ಅದು ಹುಟ್ಟಿಸಿದ ಮರಿಗಳನ್ನೂ ಒಂದೇ ಗುಂಪಿನಲ್ಲಿ ಕಟ್ಟಿಡುತ್ತದೆ, ಯಾವುದು ಸತ್ತಿದೆ ಎಂದು ಅದಕ್ಕೆ ಗೊತ್ತಿರುತ್ತದೆ.

ನನ್ನ ನಿಜವಾದ ತಕರಾರು ಸಿಸ್ಟಮ್‌ಡಿ ದಾಖಲೆ ಬರೆದಿಡುವ ಜರ್ನಲ್ ಮೇಲೆ. ದಾಖಲೆ ಬೈನರಿಯಲ್ಲಿರುವುದನ್ನು ಸಹಿಸಬಹುದು. ಆದರೆ ಹಲವು ಆವೃತ್ತಿಗಳ ಮಾಮೂಲಿ ಹೊಂದಿಕೆಯಲ್ಲಿ, ವಾರ್-ಲಾಗ್ ಒಳಗೆ ಜರ್ನಲ್ ಎಂಬ ಫೋಲ್ಡರ್ ಇಲ್ಲದಿದ್ದರೆ ಅದು ದಾಖಲೆಯನ್ನು ಮೆಮೊರಿಯಲ್ಲಷ್ಟೇ ಇಡುತ್ತದೆ. ಕರೆಂಟ್ ಹೋಗುವ ಮುಂಚೆ ಏನಾಯಿತೆಂದು ತಿಳಿಯಬೇಕಾದಾಗ, ಆ ದಾಖಲೆಯೂ ಕರೆಂಟಿನ ಜೊತೆಗೇ ಹೋಗಿರುತ್ತದೆ. ಈಗ ಹೊಸ ಯಂತ್ರ ಕೂಡಿಸುವಾಗ ಮೊದಲು ಆ ಫೋಲ್ಡರ್ ಮಾಡುತ್ತೇನೆ. ಪ್ರಿಂಟರ್ ವೈರು ಚುಚ್ಚುವುದು ಆಮೇಲೆ.