ವಯಸ್ಕರ ವ್ಯಾಸಂಗದಿನಗಳು: ಯಗಟಿಯ ಸೀಮೆಯನ್ನು ಕುರಿತು ಒಂದು ವಿಮರ್ಶೆ

ವಿಶ್ವವಿದ್ಯಾನಿಲಯದ ವಿದ್ಯೆ ಅದರ ಕೊಠಡಿಗಳಲ್ಲಿಯೇ ಉಳಿಯತಕ್ಕದ್ದಲ್ಲವೆಂಬ ಭಾವನೆ ನಮ್ಮ ನಾಡಿಗೆ ಹೊಸದಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅಧ್ಯಾಪಕರನ್ನು ಊರುಗಳಿಗೆ ಕಳುಹಿಸಿ, ಅವರ ಭಾಷಣಗಳನ್ನು ಕಿರುಹೊತ್ತಗೆಗಳಾಗಿ ಅಚ್ಚುಹಾಕಿಸಿತು. ವಯಸ್ಕರ ಶಿಕ್ಷಣ ಸಮಿತಿಯು 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ತೆರೆದಾಗ ಅದಕ್ಕೆ ಡೆನ್ಮಾರ್ಕಿನ ಜನತಾ ಪ್ರೌಢಶಾಲೆಗಳು ಮಾದರಿಯಾಗಿದ್ದುವು. ಈ ಉದ್ಯಮಗಳ ಉಪಕಾರ ದೊಡ್ಡದು. ಆದರೆ ಕಲೆ ಮತ್ತು ಇತಿಹಾಸಗಳನ್ನು ವಯಸ್ಕರಿಗಾಗಿ ಒಂದು ದಿನದ ವ್ಯಾಸಂಗದಲ್ಲಿ ತಿಳಿಸುವ ಇಂದಿನ ಏರ್ಪಾಡುಗಳು ಅವುಗಳಿಂದ ಪಡೆದುಕೊಂಡ ಬಳುವಳಿಯಲ್ಲಿ ಒಂದು ಕೊರತೆಯೂ ಸೇರಿದೆಯೆಂದು ಹೇಳದೆ ವಿಧಿಯಿಲ್ಲ. ಅದೆಂದರೆ, ಬಂದವರನ್ನು ಕೇಳುಗರನ್ನಾಗಿಯೇ ಉಳಿಸುವ ಉಪನ್ಯಾಸದ ಪದ್ಧತಿ.

ಉಪನ್ಯಾಸವನ್ನು ನಾವು ಹಳಿಯುತ್ತಿಲ್ಲ. ಗಮಕ ವಾಚನವನ್ನೂ ಅದರ ವ್ಯಾಖ್ಯಾನವನ್ನೂ ಇರುಳೆಲ್ಲ ಕೇಳಬಲ್ಲ ಜನಕ್ಕೆ ಕೇಳುವ ಕಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಅವರಿಗೆ ದೊರೆಯದಿರುವುದು ಆಧಾರವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವ ಅವಕಾಶ. ಅದನ್ನು ಒದಗಿಸದ ದಿನವನ್ನು ಭಾಷಣದಿನವೆಂದು ಕರೆಯಬಹುದೇ ಹೊರತು ವ್ಯಾಸಂಗದಿನವೆಂದು ಕರೆಯಲಾಗದು. ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಯಗಟಿಯನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸೋಣ. ರಾಗಿ, ತೆಂಗುಗಳ ಈ ಬಯಲುಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಒಂದು ದಿನದ ಬಿಡುವು ದೊರೆಯದಿರದು. ಸುತ್ತಣ ನೆಲದಲ್ಲಿ ಸಾಮಗ್ರಿಗೂ ಬರವಿಲ್ಲ.

ಮೊದಲನೆಯದು ಶಾಸನ. ಬಿ. ಎಲ್. ರೈಸರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 6ನೆಯ ಸಂಪುಟವು ಈ ಜಿಲ್ಲೆಗೇ ಮೀಸಲಾದುದು. ಅದರಲ್ಲಿ ಕಡೂರಿನ 971ನೆಯ ಇಸವಿಯ ಶಾಸನವೊಂದಿದೆ. ಗಂಗ ಬೂತುಗನ ಅಕ್ಕ ಪಾಂಬಬ್ಬೆಯು ಕೇಶವನ್ನು ಕಿತ್ತು 30 ವರ್ಷ ತಪಸ್ಸು ಮಾಡಿದಳೆಂದು ಅದು ತಿಳಿಸುತ್ತದೆ. ಉಪನ್ಯಾಸಕನು ಇದನ್ನು ಎರಡು ನಿಮಿಷಗಳಲ್ಲಿ ಹೇಳಿ ಮುಗಿಸಬಹುದು. ವ್ಯಾಸಂಗದ ರೀತಿ ಬೇರೆ. ಪಾಠವನ್ನು ಇಂದಿನ ಲಿಪಿಯಲ್ಲಿ ಬರೆದು ಹಂಚಿ, ಹೆಸರು, ಸಂಬಂಧ, ಕಾಲ ಇವನ್ನು ಬಂದವರಿಂದಲೇ ಹುಡುಕಿಸಬೇಕು. ರಾಜಮನೆತನದ ಹೆಣ್ಣು ಇಂಥ ವ್ರತವನ್ನೇಕೆ ಹಿಡಿದಳು, ಅದನ್ನು ಕಲ್ಲಿನಲ್ಲಿ ಏಕೆ ಬರೆಯಿಸಿದರು ಎಂಬ ಪ್ರಶ್ನೆಗಳು ಆಗ ತಾವಾಗಿಯೇ ಏಳುತ್ತವೆ. ಹಳಗನ್ನಡ ಅವರಿಗೆ ಕಠಿನವಾದೀತೆಂಬ ಆಕ್ಷೇಪಣೆ ಅಷ್ಟು ಬಲವಾದುದಲ್ಲ. ಷಟ್ಪದಿಯನ್ನು ಕೇಳಿ ಬೆಳೆದ ಕಿವಿಗೆ ಹಳೆಯ ನುಡಿ ತೀರ ಅಪರಿಚಿತವಲ್ಲ.

ಎರಡನೆಯದು ಶಿಲ್ಪ. ನೆರೆಯ ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯ 1196ರಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ನಿರ್ಮಿತವಾಯಿತು. ಅಲ್ಲಿನ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವು. ತೆರೆದ ಮಂಟಪದ ಹೊರಗಣ ಗಿಡ್ಡಗೋಡೆಯ ಮೇಲೆ 140 ಕಿರುಫಲಕಗಳಿವೆ. ದಕ್ಷಿಣದ 70 ರಾಮಾಯಣಕ್ಕೆ ಸೇರಿದುವು. ಉತ್ತರದಲ್ಲಿ 25 ಕೃಷ್ಣನ ಚರಿತೆಗೂ 45 ಭಾರತಕ್ಕೂ ಮೀಸಲು. ಉತ್ತರದ ಕಥೆ ಹೊಯ್ಸಳರ ವಾಡಿಕೆಯಂತೆ ಪ್ರದಕ್ಷಿಣವಾಗಿ ಸಾಗಿದರೆ ದಕ್ಷಿಣದ ರಾಮಕಥೆ ಅಪ್ರದಕ್ಷಿಣವಾಗಿ ಸಾಗುತ್ತದೆ. ಹೀಗಾಗಿ ಬಲಬಂದವನಿಗೆ ರಾಮಾಯಣದ ಕೊನೆಯೇ ಮೊದಲು ಕಾಣುತ್ತದೆ. ಕಥೆಯನ್ನು ಬಲ್ಲ ಹಳ್ಳಿಯ ಹಿರಿಯರನ್ನು ಫಲಕಗಳ ಮುಂದೆ ನಿಲ್ಲಿಸಿ ಪ್ರಸಂಗಗಳನ್ನು ಗುರುತಿಸಲು ಬಿಟ್ಟರೆ, ಈ ವೈಚಿತ್ರ್ಯವನ್ನು ಅವರೇ ಕಂಡುಹಿಡಿದಾರು. ಮೊದಲೇ ಹೇಳಿಬಿಡುವ ಪಂಡಿತನು ಆ ಸಂತೋಷವನ್ನು ಅವರಿಂದ ಕಸಿದುಕೊಳ್ಳುತ್ತಾನೆ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಜೈಮಿನಿ ಭಾರತದ ಕರ್ತೃವಾದ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನೆಂಬುದು ಇಲ್ಲಿಯವರ ಅಭಿಮಾನದ ಮಾತು. ಕಾವ್ಯದ ಅಂಕಿತದಲ್ಲಿ ಬರುವ ದೇವಪುರವು ಸುರಪುರದ ಸೀಮೆಯದೆಂಬ ವಾದವೂ ವಿದ್ವಾಂಸರಲ್ಲಿ ಉಂಟು. ಕವಿಯ ಕಾಲದ ವಿಷಯದಲ್ಲಿಯೂ ಏಕಾಭಿಪ್ರಾಯವಿಲ್ಲ. ವ್ಯಾಸಂಗದಿನವನ್ನು ನಡೆಸುವವರು ಸಭೆಯನ್ನು ಮೆಚ್ಚಿಸಲು ಒಂದು ಪಕ್ಷವನ್ನು ಮುಚ್ಚಿಟ್ಟರೆ ಅದು ವಿದ್ಯೆಗೆ ಮಾಡುವ ದ್ರೋಹ. ಎರಡೂ ಪಕ್ಷಗಳ ಆಧಾರಗಳನ್ನು ಮುಂದಿಟ್ಟು, ಯಾವುದು ಎಷ್ಟು ತೂಗುತ್ತದೆಂದು ಅವರನ್ನೇ ಕೇಳುವುದು ಉಚಿತ. ಹೊಲದ ಎಲ್ಲೆಯ ವ್ಯಾಜ್ಯದಲ್ಲಿ ಸಾಕ್ಷ್ಯವನ್ನು ತೂಗಿ ನೋಡಬಲ್ಲ ರೈತನಿಗೆ ಈ ವಿವೇಚನೆ ಅಸಾಧ್ಯವೆಂದು ನಾವು ಭಾವಿಸುವುದಿಲ್ಲ. ತಮ್ಮ ಊರಿನ ಪಕ್ಷವನ್ನೂ ಪ್ರಶ್ನಿಸಿ ನೋಡಿದವರ ಅಭಿಮಾನವೇ ಹೆಚ್ಚು ಗಟ್ಟಿಯಾದುದು.

ಈ ಚರ್ಚೆ ಬೋಧನಕ್ರಮಕ್ಕೆ ಮಾತ್ರ ಸಂಬಂಧಿಸಿದುದೆಂದು ತಿಳಿಯಬಾರದು. ಶಾಸನಗಳೂ ವೀರಗಲ್ಲುಗಳೂ ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಗುಡಿಯ ಅಂಗಳದಲ್ಲಿ ಬಿದ್ದಿರುತ್ತವೆ. ಸಂಶೋಧಕನು ವರ್ಷಕ್ಕೊಮ್ಮೆ ಬಂದು ಹೋಗುವವನು. ಕಲ್ಲು ಅಡಿಪಾಯಕ್ಕೆ ಸೇರಬೇಕೆ, ಸುಣ್ಣದಲ್ಲಿ ಮುಚ್ಚಿಹೋಗಬೇಕೆ, ಉಳಿಯಬೇಕೆ ಎಂಬುದನ್ನು ತೀರ್ಮಾನಿಸುವವರು ಆ ಊರಿನಲ್ಲಿಯೇ ಬಾಳುವ ವಯಸ್ಕರು. ಅದನ್ನು ಒಮ್ಮೆ ತಾವೇ ಓದಿದವರು ಒಡೆಯಲು ಸುಲಭವಾಗಿ ಒಪ್ಪಲಾರರು.

1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವು ಈ ಸೀಮೆಗೆ ಸಮೀಪದಲ್ಲಿಯೇ ಇದೆ, ತಾಲ್ಲೂಕುಗಳಲ್ಲಿ ಕಾಲೇಜುಗಳಿವೆ. ಅಧ್ಯಾಪಕರು ವರ್ಷಕ್ಕೊಂದು ದಿನವನ್ನು ಇದಕ್ಕಾಗಿ ಮೀಸಲಿಟ್ಟು, ಬೆಳಗ್ಗೆ ಒಂದು ಪಾಠವನ್ನು ಓದಿಸಿ, ಮಧ್ಯಾಹ್ನ ಸ್ಥಳಕ್ಕೆ ಕರೆದೊಯ್ದು, ಸಂಜೆ ಬಂದವರ ಅಭಿಪ್ರಾಯಗಳನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಅಧ್ಯಾಪಕನು ಕಡಮೆ ಮಾತನಾಡಿದಷ್ಟೂ ಆ ದಿನ ಸಾರ್ಥಕವಾಗುವುದೆಂದು ನಮ್ಮ ಅಭಿಪ್ರಾಯ.